25 ಪೈಪ್ ಅಂದ್ರೆ ಎಷ್ಟು ಅಡಿ? ಪಂಪ್‌ಸೆಟ್ ಅಂಗಡಿಗೆ ಚಾಟ್‌ಬಾಟ್ ಕಟ್ಟಿದ ಅನುಭವ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಂದು ಪಂಪ್‌ಸೆಟ್ ಅಂಗಡಿ ಇದೆ. ಮುಂದೆ ಕೌಂಟರ್‌ನಲ್ಲಿ ಮೋಟಾರ್, ಕೇಬಲ್, ಪೈಪು, ಸ್ಟಾರ್ಟರ್ ಮಾರುತ್ತಾರೆ. ಹಿಂದಿನ ಶೆಡ್‌ನಲ್ಲಿ ಸುಟ್ಟ ಮೋಟಾರ್‌ಗಳಿಗೆ ರಿವೈಂಡಿಂಗ್, ಅಂದರೆ ಹೊಸ ತಂತಿ ಸುತ್ತುವ ಕೆಲಸ ಮಾಡುತ್ತಾರೆ. ಈ ಅಂಗಡಿಗೆ ವಾಟ್ಸಾಪ್ ಚಾಟ್‌ಬಾಟ್ ಕಟ್ಟಿಕೊಟ್ಟವನು ನಾನು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಇದರಲ್ಲಿ ಕೋಡ್ ಬಗ್ಗೆ ಕಡಿಮೆ, ಕೌಂಟರ್ ಬಗ್ಗೆ ಜಾಸ್ತಿ ಇರುತ್ತೆ.

ಅಂಗಡಿಯ ಸಾವ್ಕಾರ್ರ ಕಷ್ಟ ಬೇಸಿಗೆಯದು. ಮಾರ್ಚ್ ಬಂತೆಂದರೆ ಜಗಳೂರು ಕಡೆ ಬೋರ್‌ಗಳಲ್ಲಿ ನೀರು ಕೆಳಗಿಳಿಯುತ್ತೆ, ಮೋಟಾರ್ ಸುಡುತ್ತೆ, ಅಂಗಡಿಯ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತೆ. ಎದುರಿಗೆ ನಿಂತ ಗಿರಾಕಿಯನ್ನು ನೋಡಬೇಕೋ, ಫೋನ್ ಎತ್ತಬೇಕೋ? "ಎಲ್ಲರಿಗೂ ತಾನೇ ಉತ್ತರ ಕೊಡೋ ಅಂಥದ್ದು ಒಂದು ಮಾಡಿಕೊಡಪ್ಪ" ಅಂದರು.

ನಾನು ಲ್ಯಾಪ್‌ಟಾಪ್ ತೆಗೆಯಲಿಲ್ಲ. ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಅಂಗಡಿಯ ಫೋನಿನಲ್ಲಿದ್ದ ಹಳೇ ವಾಟ್ಸಾಪ್ ಚಾಟ್‌ಗಳನ್ನು ಅವರ ಒಪ್ಪಿಗೆ ತಗೊಂಡು ಅಲ್ಲೇ ಕೂತು ಓದಿದೆ. ಒಂದು ವಿಷಯ ಬೇಗ ಕಣ್ಣಿಗೆ ಬಿತ್ತು. ಗಿರಾಕಿ "ಐದು ಎಚ್‌ಪಿ ಮೋಟ್ರು ಎಷ್ಟು?" ಅಂತ ಕೇಳುತ್ತಾನೆ. ಸಾವ್ಕಾರ್ರು ರೇಟ್ ಹೇಳೋದೇ ಇಲ್ಲ. ತಿರುಗಿ ಅವನಿಗೇ ಪ್ರಶ್ನೆ ಹಾಕುತ್ತಾರೆ. ಬೋರಾ, ಬಾವಿಯಾ, ಚಾನಲ್ಲಾ? ಬೋರ್ ಎಷ್ಟು ಆಳ, ಮೋಟಾರ್ ಎಷ್ಟು ಅಡಿಗೆ ಇಳಿಸಿದೀರಿ? ನೀರು ಎಷ್ಟು ಇಂಚು? ಸಿಂಗಲ್ ಫೇಸಾ, ತ್ರೀ ಫೇಸಾ? ಬೋರಿಂದ ಪ್ಯಾನಲ್ ಬೋರ್ಡಿಗೆ ಎಷ್ಟು ದೂರ?

ಇದು ಸುಮ್ನೆ ಮಾತು ಬೆಳೆಸೋದಲ್ಲ. ಒಂದೇ ಎಚ್‌ಪಿಯಲ್ಲಿ ಸ್ಟೇಜ್ (ಪಂಪಿನೊಳಗೆ ಒಂದರ ಮೇಲೊಂದು ಕೂತು ನೀರು ತಳ್ಳುವ ಚಕ್ರ) ಜಾಸ್ತಿ ಇದ್ದರೆ ಪಂಪು ನೀರನ್ನು ಹೆಚ್ಚು ಎತ್ತರಕ್ಕೆ ಎತ್ತುತ್ತೆ, ಆದರೆ ಕಡಿಮೆ ನೀರು ಕೊಡುತ್ತೆ. ಆಳ ಗೊತ್ತಿಲ್ಲದೆ ಸ್ಟೇಜ್ ಹೇಳೋಕಾಗಲ್ಲ. ದೂರ ಗೊತ್ತಿಲ್ಲದೆ ಕೇಬಲ್ ದಪ್ಪ ಹೇಳೋಕಾಗಲ್ಲ. ತೆಳು ಕೇಬಲ್ ಹಾಕಿದರೆ ವೋಲ್ಟೇಜ್ ಬಿದ್ದು ಮೋಟಾರ್ ಬಿಸಿಯಾಗುತ್ತೆ. ಭದ್ರಾ ಚಾನಲ್ ಪಕ್ಕದ ಗದ್ದೆಯವನಿಗೆ, ಹೊನ್ನಾಳಿಯ ಹೊಳೆ ದಂಡೆಯವನಿಗೆ ನೀರೊಳಗೆ ಇಳಿಸುವ ಸಬ್‌ಮರ್ಸಿಬಲ್ ಬೇಕಾಗೋದೇ ಅಪರೂಪ. ಅವರಿಗೆ ಮೇಲೇ ಕೂರಿಸುವ ಮೋನೋಬ್ಲಾಕ್ ಸಾಕು. ಹಾಗಾಗಿ ಮೊದಲ ಪ್ರಶ್ನೆ ನೀರು ಎಲ್ಲಿಂದ ಅನ್ನೋದೇ.

ಅಲ್ಲಿಗೆ ನಮ್ಮ ಬಾಟ್‌ನ ಕೆಲಸ ಏನು ಅನ್ನೋದು ತೀರ್ಮಾನ ಆಯ್ತು. ಅದು ಉತ್ತರ ಕೊಡಬೇಕಾಗಿಲ್ಲ. ಕೌಂಟರ್‌ನಲ್ಲಿ ಕೇಳುವ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಂದು ಚೀಟಿಯಲ್ಲಿ ಜೋಡಿಸಿ ಸಾವ್ಕಾರ್ರ ಕೈಗೆ ಕೊಡಬೇಕು. ಅವರು ಅದನ್ನು ನೋಡಿ ಒಂದೇ ಸಲ ಫೋನ್ ಮಾಡಿ ವ್ಯವಹಾರ ಮುಗಿಸುತ್ತಾರೆ. ಪ್ರಶ್ನೆಗೆ ಪ್ರಶ್ನೆ ಹಾಕುವ ಬಾಟ್ ಹೊಸದೇನಲ್ಲ ಬಿಡಿ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಮಾಡಿದ್ದ ಎಲೈಜಾ ಕೂಡ ಹೇಳಿದ್ದನ್ನೇ ತಿರುಗಿಸಿ ಕೇಳುತ್ತಿತ್ತು. ಅದಕ್ಕೆ ಎದುರಿನವರ ಕಷ್ಟ ಒಂದು ಚೂರೂ ಗೊತ್ತಾಗುತ್ತಿರಲಿಲ್ಲ. ನಮ್ಮದಕ್ಕೆ ಕೊನೇ ಪಕ್ಷ ಅಡಿ, ಇಂಚು ಗೊತ್ತಾಗಬೇಕಿತ್ತು.

ಕೋಡ್ ಬರೆಯೋ ಮುಂಚೆ ಬಾಟ್ ಇಲ್ಲದೇ ಬಾಟ್ ನಡೆಸಿ ನೋಡಿದ್ವಿ. ಪುಕ್ಕಟೆ ಸಿಗುವ ವಾಟ್ಸಾಪ್ ಬಿಸಿನೆಸ್ ಆಪ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಪ್ರಶ್ನೆಗಳನ್ನು ಅದರಲ್ಲಿ ಮೊದಲೇ ಬರೆದಿಟ್ಟುಕೊಂಡು, ಗಿರಾಕಿ ಏನೇ ಕಳಿಸಿದರೂ ನಾನು ಅವನ್ನು ಮಾತ್ರ ಕಳಿಸುತ್ತಿದ್ದೆ. ಸ್ವಂತ ಬುದ್ಧಿ ಓಡಿಸೋ ಹಾಗಿಲ್ಲ. ಹೀಗೆ ಮಾಡಿದರೆ ಜನ ಎಲ್ಲಿ ಸಿಟ್ಟಾಗುತ್ತಾರೆ, ಯಾವ ಪ್ರಶ್ನೆಗೆ ಬೇರೆ ಏನೋ ಹೇಳುತ್ತಾರೆ ಅನ್ನೋದು ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಗುತ್ತೆ. ನಿಮ್ಮದು ಬಟ್ಟೆ ಅಂಗಡಿಯಾಗಲಿ, ಲ್ಯಾಬ್ ಆಗಲಿ, ಈ ಹಂತ ಬಿಡಬೇಡಿ. ನಿಮ್ಮ ಅಂಗಡಿಗೆ ಇಷ್ಟೇ ಸಾಕು, ಬಾಟೇ ಬೇಡ ಅಂತ ಇಲ್ಲಿ ಗೊತ್ತಾದರೂ ಆಶ್ಚರ್ಯ ಇಲ್ಲ.

ಪೈಪಿನ ಲೆಕ್ಕ ಸಿಕ್ಕಿದ್ದು ಈ ಹಂತದಲ್ಲೇ. "ಎಷ್ಟು ಅಡಿಗೆ ಇಳಿಸಿದೀರಿ?" ಅನ್ನೋ ಪ್ರಶ್ನೆಗೆ ಜಗಳೂರು ಕಡೆಯ ರೈತರೊಬ್ಬರ ವಾಯ್ಸ್ ಬಂತು: "ಅಣ್ಣ, ಇಪ್ಪತ್ತೈದು ಪೈಪ್ ಇಳಿಸೀವಿ. ಮೋಟ್ರು ಗುಂಯ್ ಅಂತೈತೆ, ನೀರು ಮಾತ್ರ ಮ್ಯಾಲೆ ಬರ್ತಿಲ್ಲ." ಅಡಿ ಕೇಳಿದರೆ ಪೈಪ್ ಲೆಕ್ಕ ಹೇಳೋದು ನಮ್ಮ ಕಡೆ ಮಾಮೂಲು. ಜಿಐ, ಅಂದರೆ ಕಬ್ಬಿಣದ ಪೈಪ್ ಒಂದು 20 ಅಡಿ, ಆ ಲೆಕ್ಕದಲ್ಲಿ 500 ಅಡಿ ಆಯ್ತು. ಆದರೆ ಈಗ ತುಂಬಾ ಜನ ಹಾಕಿಸುವ ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಕಾಲಂ ಪೈಪ್ ಬರೋದು 3 ಮೀಟರ್, ಅಂದರೆ ಹತ್ತಿರ ಹತ್ತಿರ 10 ಅಡಿ. ಹಾಗಾದರೆ ಅದೇ 25 ಪೈಪು 250 ಅಡಿ. ಎಚ್‌ಡಿಪಿಇ ಅನ್ನೋ ಬಾಗುವ ಪ್ಲಾಸ್ಟಿಕ್ ಪೈಪ್ ಆದರೆ ಸುರುಳಿಯಲ್ಲಿ ಬರುತ್ತೆ, ಎಣಿಸೋದೇ ಇಲ್ಲ. ಎಷ್ಟೇ ಜಾಣ ಎಐ ಮಾಡೆಲ್ ಇಟ್ಟರೂ ತಾನೇ ಊಹಿಸಿ 500 ಅಂತ ಬರೆದುಕೊಂಡರೆ ತಪ್ಪು ಪಂಪ್ ಹೋಗುತ್ತೆ. ಹಾಗಾಗಿ ಉತ್ತರದಲ್ಲಿ ಪೈಪ್ ಲೆಕ್ಕ ಬಂದರೆ ಬಾಟ್ ಕಡ್ಡಾಯವಾಗಿ ಇನ್ನೊಂದು ಪ್ರಶ್ನೆ ಕೇಳುತ್ತೆ: ಕಬ್ಬಿಣದ ಪೈಪಾ, ಪ್ಲಾಸ್ಟಿಕ್ ಪೈಪಾ, ಸುರುಳಿಯಾ?

ಗುಂಯ್ ಅನ್ನೋ ಸದ್ದಿಗೆ ಮಾತ್ರ ಬಾಟ್ ಯಾವ ಪ್ರಶ್ನೆಯನ್ನೂ ಕೇಳಲ್ಲ. ಮೊದಲು "ಮೇನ್ ಆಫ್ ಮಾಡಿ" ಅನ್ನುತ್ತೆ. ಒಂದು ಫೇಸ್ ಹೋಗಿರಬಹುದು, ಪಂಪಿಗೆ ಮರಳು ಕಚ್ಚಿರಬಹುದು, ಸಿಂಗಲ್ ಫೇಸ್ ಆದರೆ ಕಂಡೆನ್ಸರ್ (ಕೆಪಾಸಿಟರ್) ಹೋಗಿರಬಹುದು. ಯಾವುದೇ ಆದರೂ ಹಾಗೇ ಓಡಿಸಿದರೆ ವೈಂಡಿಂಗ್ ಸುಡುತ್ತೆ. ಪ್ಯಾನಲ್ ಬಿಚ್ಚಿ ನೋಡಿ ಅಂತ ಬಾಟ್ ಯಾವತ್ತೂ ಹೇಳಬಾರದು ಅನ್ನೋದು ನಾನು ಹಾಕಿದ ಷರತ್ತು. ಮೆಕ್ಯಾನಿಕ್ ಹೋಗಿಯೇ ನೋಡಬೇಕು.

ಇನ್ನು ಭಾಷೆ. ಕನ್ನಡ ಲಿಪಿಯಲ್ಲಿ ಟೈಪ್ ಮಾಡುವವರು ಕಡಿಮೆ. ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಮೋಟಾರ್ ಅನ್ನೋದನ್ನೇ ಒಬ್ಬೊಬ್ಬರು ಒಂದೊಂದು ಥರ. ದೊಡ್ಡವರು ವಾಯ್ಸ್ ಕಳಿಸುತ್ತಾರೆ. ವಾಟ್ಸಾಪ್ ವಾಯ್ಸ್ ನಮಗೆ ಬರೋದು ಓಪಸ್ ಅನ್ನೋ ಆಡಿಯೋ ಫೈಲ್ ಆಗಿ. ಅದನ್ನು ಇಳಿಸಿಕೊಳ್ಳುವ ಲಿಂಕ್ 5 ನಿಮಿಷ ಮಾತ್ರ ಇರುತ್ತೆ, ಬಂದ ತಕ್ಷಣ ಇಳಿಸಿಡಬೇಕು. ಮಾತನ್ನು ಅಕ್ಷರ ಮಾಡೋಕೆ ಕನ್ನಡಕ್ಕೂ ಈಗ ಒಳ್ಳೆ ಮಾಡೆಲ್‌ಗಳಿವೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದವರು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ಆದರೆ ಹೊಲದಲ್ಲಿ ನಿಂತು ಗಾಳಿಯಲ್ಲಿ ಹೇಳಿದ "ಏಳೂವರೆ ಎಚ್‌ಪಿ", "ಐನೂರಿಪ್ಪತ್ತು" ಇಂಥವು ಕೈ ಕೊಡುತ್ತವೆ. ನಮಗೆ ಬೇಕಾಗಿರೋದೇ ಅಂಕಿಗಳು. ಅದಕ್ಕೆ ಪ್ರತಿ ಅಂಕಿಯನ್ನೂ ಬಾಟ್ ವಾಪಸ್ ಕೇಳುತ್ತೆ: "ಬೋರ್ ಆಳ 520 ಅಡಿ, ಸರೀನಾ?" ಕೆಳಗೆ ಹೌದು, ಅಲ್ಲ ಅಂತ ಎರಡು ಬಟನ್.

ಬಟನ್ ಅಂದಾಗ ಒಂದು ಮಾತು. ವಾಟ್ಸಾಪ್‌ನಲ್ಲಿ ಒಂದು ಮೆಸೇಜಿಗೆ 3 ಬಟನ್ ಮಾತ್ರ ಹಾಕಬಹುದು, ಒಂದೊಂದರಲ್ಲೂ 20 ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಕಾಗುಣಿತದ ಗುರುತು, ಸೊನ್ನೆ, ಎಲ್ಲವೂ ಬೇರೆ ಬೇರೆ ಅಕ್ಷರ. "ಅಂಗಡಿಯವರ ಜೊತೆ ಮಾತನಾಡಿ" ಅಂತ ಬರೆದರೆ 21 ಆಗಿ ಬಟನ್ ತಿರಸ್ಕಾರ ಆಗುತ್ತೆ. "ಮಾತಾಡಿ" ಅಂದರೆ ಸರಿಯಾಗಿ 20. ಗ್ರಾಂಥಿಕ ಕನ್ನಡ ಬಿಟ್ಟು ಆಡುಮಾತು ಬಳಸೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಆಯ್ಕೆ ಮೂರಕ್ಕಿಂತ ಹೆಚ್ಚಿದ್ದರೆ ಲಿಸ್ಟ್ ಮೆಸೇಜ್ ಇದೆ, ಅದರಲ್ಲಿ 10 ಸಾಲು ಹಿಡಿಸುತ್ತೆ. ಆದರೆ ಲಿಸ್ಟ್ ಒತ್ತಿ ತೆರೀಬೇಕು ಅನ್ನೋದು ಎಷ್ಟೋ ಜನರಿಗೆ ಹೊಳೆಯಲ್ಲ. ಆದಷ್ಟೂ ಬಟನ್ನೇ ವಾಸಿ.

ಎಐ ಮಾಡೆಲ್‌ನ ಕೆಲಸ ನಮ್ಮಲ್ಲಿ ಬಹಳ ಸಣ್ಣದು. ಬಂದ ಮಾತು ಹೊಸ ಮೋಟಾರ್‌ದಾ, ರಿಪೇರಿಯದಾ, ಪೈಪಿನದಾ ಅಂತ ವಿಂಗಡಿಸೋದು, ಅಂಕಿಗಳನ್ನು ಹೆಕ್ಕಿ ಕೊಡೋದು, ಅಷ್ಟೇ. ಗಿರಾಕಿಗೆ ಹೋಗುವ ಒಂದೊಂದು ವಾಕ್ಯವೂ ನಾವು ಮೊದಲೇ ಬರೆದಿಟ್ಟದ್ದು. "ಅದೇನಾದ್ರೂ ಬಾಯಿಗೆ ಬಂದ ರೇಟ್ ಹೇಳಿಬಿಟ್ರೆ?" ಅಂತ ಸಾವ್ಕಾರ್ರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕೆನಡಾದಲ್ಲಿ ಹಾಗೇ ಆಗಿದೆ. ಏರ್ ಕೆನಡಾದ ಚಾಟ್‌ಬಾಟ್, ಮನೆಯಲ್ಲಿ ಸಾವಾಗಿದ್ದಕ್ಕೆ ಹೊರಟ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯನ್ನು ಆಮೇಲೆ ಕೇಳಬಹುದು ಅಂತ ತಪ್ಪು ಹೇಳಿತ್ತು. ಬಾಟ್ ಹೇಳಿದ್ದಕ್ಕೆ ತಾವು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ಒಪ್ಪದೆ ದುಡ್ಡು ಕೊಡಿಸಿತು. ನಮ್ಮ ವ್ಯಾಪಾರದಲ್ಲಿ ತಾಮ್ರದ ರೇಟ್ ಏರಿಳಿದ ಹಾಗೆ ಕೇಬಲ್, ವೈಂಡಿಂಗ್ ರೇಟೂ ಬದಲಾಗುತ್ತೆ. ಬಾಟ್ ರೇಟ್ ಹೇಳೋದು ಕಂಡೆನ್ಸರ್, ಫ್ಯೂಸು, ಪೈಪ್ ಜಾಯಿಂಟು ಇಂಥ ಸಣ್ಣ ಸಾಮಾನಿಗೆ ಮಾತ್ರ. ಅದೂ ಅಂಗಡಿಯವರೇ ತುಂಬುವ ಗೂಗಲ್ ಶೀಟ್ ನೋಡಿ, ಯಾವ ತಾರೀಖಿನ ರೇಟ್ ಅನ್ನೋದರ ಜೊತೆಗೆ.

ರೇಟ್ ಬಿಟ್ಟರೆ ಜಾಸ್ತಿ ಬರುವ ಪ್ರಶ್ನೆ ಹನಿ ನೀರಾವರಿ ಸಬ್ಸಿಡಿಯದು. ಅದಕ್ಕೆ ಬಾಟ್ ಏನೂ ಹೇಳಲ್ಲ. ಅಡಿಕೆ ತೋಟವಾದರೆ ತೋಟಗಾರಿಕೆ ಇಲಾಖೆ, ಮೆಕ್ಕೆಜೋಳವಾದರೆ ರೈತ ಸಂಪರ್ಕ ಕೇಂದ್ರ, ಅಲ್ಲಿಗೆ ಹೋಗಿ ವಿಚಾರಿಸಿ ಅನ್ನುತ್ತೆ.

ನನಗೆ ತುಂಬಾ ಖುಷಿ ಕೊಟ್ಟ ಭಾಗ ಸ್ಟಿಕ್ಕರ್. ಹೊಸ ಪ್ಯಾನಲ್ ಮಾರಿದಾಗೆಲ್ಲ ಅಂಗಡಿಯವರು ಅದರ ಮೇಲೆ ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸುತ್ತಿದ್ದರು. ವಾಟ್ಸಾಪ್ ಲಿಂಕಿನಲ್ಲಿ ಮೆಸೇಜನ್ನು ಮೊದಲೇ ತುಂಬಿಡಬಹುದು. ಹಾಗಾಗಿ ಸ್ಟಿಕ್ಕರ್‌ನಲ್ಲಿ ಕ್ಯೂಆರ್ ಹಾಕಿ, ಅದರೊಳಗೆ ಬಿಲ್ ನಂಬರ್ ಸೇರಿಸಿದ್ವಿ. ರೈತ ಸ್ಕ್ಯಾನ್ ಮಾಡಿ ಕಳಿಸು ಒತ್ತಿದರೆ ಸಾಕು. ಯಾವ ಪಂಪು, ಎಷ್ಟು ಸ್ಟೇಜು, ಯಾವ ಕೇಬಲ್, ಎಷ್ಟು ಅಡಿ, ಎಲ್ಲ ಬಿಲ್ಲಿನಲ್ಲೇ ಇದೆ. ಬಾಟ್ ಐದು ಪ್ರಶ್ನೆಯ ಜಾಗದಲ್ಲಿ "ಏನಾಗಿದೆ?" ಅಂತ ಒಂದೇ ಕೇಳುತ್ತೆ. ಸ್ಟಿಕ್ಕರ್ ಮಾತ್ರ ಡಬ್ಬಿಯ ಹೊರಗೆ ಬಿಸಿಲು ಬೀಳುವ ಕಡೆ ಅಂಟಿಸಬೇಡಿ, ಬೆಳ್ಳಗಾಗಿ ಹೋಗುತ್ತೆ. ಬಾಗಿಲಿನ ಒಳಮುಖಕ್ಕೂ ಬೇಡ, ಕ್ಯೂಆರ್‌ಗೋಸ್ಕರ ಯಾರೂ ಪ್ಯಾನಲ್ ತೆರೆಯುವಂತಾಗಬಾರದು. ನಾವು ಗ್ಯಾರಂಟಿ ಕಾರ್ಡಿನ ಹಿಂದೆ ಒಂದು, ಪ್ಯಾನಲ್ಲಿನ ನೆರಳು ಬೀಳುವ ಕಡೆ ಒಂದು ಅಂಟಿಸುತ್ತೇವೆ.

ಖರ್ಚಿನ ವಿಷಯ. ಗಿರಾಕಿ ಮೆಸೇಜ್ ಮಾಡಿದ 24 ಗಂಟೆ ಒಳಗೆ ನಾವು ಕೊಡುವ ಉತ್ತರಕ್ಕೆ ವಾಟ್ಸಾಪ್ ದುಡ್ಡು ತಗೊಳ್ಳಲ್ಲ. ಆಮೇಲೆ ನಾವಾಗಿ ಮೆಸೇಜ್ ಕಳಿಸಬೇಕಂದ್ರೆ ವಾಟ್ಸಾಪ್‌ನವರಿಂದ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಮೆಸೇಜ್, ಅಂದರೆ ಟೆಂಪ್ಲೇಟ್ ಬೇಕು, ಅದಕ್ಕೆ ಚಾರ್ಜ್ ಇದೆ. 2025ರ ಜುಲೈನಿಂದ ಒಂದೊಂದು ಮೆಸೇಜಿಗೂ ಲೆಕ್ಕ. ರಿವೈಂಡಿಂಗ್ ಕೆಲಸ ಒಂದು ದಿನಕ್ಕೆ ಮುಗಿಯಲ್ವಲ್ಲ, "ನಿಮ್ಮ ಮೋಟಾರ್ ರೆಡಿ ಇದೆ, ಬಂದು ತಗೊಂಡು ಹೋಗಿ" ಅನ್ನೋಕೆ ನಮಗೆ ಟೆಂಪ್ಲೇಟ್ ಬೇಕೇ ಬೇಕು. ಅದೇ ಮೆಸೇಜಿನ ಕೊನೆಗೆ "ಪೈಪ್ ಮೇಲೆ ರಿಯಾಯಿತಿ ಇದೆ" ಅಂತ ಒಂದು ಸಾಲು ಸೇರಿಸೋಣ ಅಂದರು ಸಾವ್ಕಾರ್ರು. ಬೇಡ ಅಂದೆ. ಆ ಸಾಲು ಸೇರಿದರೆ ಅದು ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತೆ, ರೇಟ್ ಜಾಸ್ತಿ.

ಬಾಟ್‌ಗೆ ಹೊಸ ನಂಬರ್ ತಗೊಂಡ್ವಿ. ಹಳೇ ನಂಬರ್ ಬೋರ್ಡ್ ಮೇಲಿದೆ, ಬಿಲ್ ಬುಕ್ ಮೇಲಿದೆ, ಊರೂರಿನ ಪ್ಯಾನಲ್‌ಗಳ ಮೇಲಿದೆ. ಅದಕ್ಕೆ ಫೋನ್ ಮಾಡಿದವರಿಗೆ ಮನುಷ್ಯರೇ ಸಿಗಬೇಕು ಅನ್ನೋದು ಅವರ ಹಟ. ನನಗೂ ಸರಿ ಅನ್ನಿಸಿತು. ಬಾಟ್‌ನಲ್ಲೂ "ಅಂಗಡಿಯವರ ಜೊತೆ ಮಾತಾಡಿ" ಬಟನ್ ಮೊದಲ ಮೆಸೇಜಿನಲ್ಲೇ ಇದೆ. ಎರಡು ಸಲ ಮಾತು ಅರ್ಥ ಆಗದಿದ್ದರೆ ಯಾರೂ ಒತ್ತದೇನೇ ಅದು ಕೌಂಟರಿಗೆ ಹೋಗುತ್ತೆ.

ತಾಂತ್ರಿಕವಾಗಿ ಒಂದೇ ಎಚ್ಚರಿಕೆ. ನಮ್ಮ ಸರ್ವರ್ ಮೆಸೇಜ್ ಸಿಕ್ಕಿತು ಅಂತ ಬೇಗ ಹೇಳದಿದ್ದರೆ ವಾಟ್ಸಾಪ್ ಅದೇ ಮೆಸೇಜನ್ನು ಮತ್ತೆ ಕಳಿಸುತ್ತೆ. ಮೆಸೇಜಿನ ಐಡಿ ನೋಡಿ ಎರಡನೆಯದನ್ನು ಬಿಟ್ಟುಬಿಡಬೇಕು. ಇಲ್ಲದಿದ್ದರೆ ರೈತ ಒಂದು ಕಂಡೆನ್ಸರ್ ಕೇಳಿದರೆ ಚೀಟಿಯಲ್ಲಿ ಎರಡು ಬರುತ್ತೆ.

ಯಾವ ಪುಸ್ತಕವೂ ಹೇಳಿಕೊಡದ ಇನ್ನೊಂದು ಸಂಗತಿ ಇದೆ. ನಂಬರ್ ಸೇವ್ ಮಾಡಿಕೊಂಡ ಗಿರಾಕಿಗಳು ಬೆಳಗಾದರೆ ಬಾಟ್‌ಗೂ ಶುಭೋದಯದ ಚಿತ್ರ ಕಳಿಸುತ್ತಾರೆ. ಸೂರ್ಯ, ಗುಲಾಬಿ, ಬಸವಣ್ಣ. ಅದಕ್ಕೆಲ್ಲ "ನಿಮ್ಮ ಸ್ಟಾರ್ಟರ್ ಫೋಟೋ ಸಿಕ್ಕಿತು" ಅಂದರೆ ಹೇಗಿರುತ್ತೆ? ನಾವು ಫೋಟೋ ಕೇಳದೇ ಇದ್ದಾಗ ಫೋಟೋ ಬಂದರೆ ಬಾಟ್ "ನಮಸ್ಕಾರ, ಏನಾದರೂ ಬೇಕಿತ್ತಾ?" ಅಂತ ಮಾತ್ರ ಕೇಳುತ್ತೆ.

ನಿಜವಾದ ಸ್ಟಾರ್ಟರ್ ಫೋಟೋಗಳಲ್ಲಿ ಕೆಲವೊಮ್ಮೆ ಗೋಡೆಗೆ ಬರೆದ ಕರೆಂಟ್ ಕನೆಕ್ಷನ್ನಿನ ಆರ್‌ಆರ್ ನಂಬರ್, ಪಕ್ಕದಲ್ಲಿ ನಿಂತ ಮನೆಮಂದಿ ಎಲ್ಲ ಬಂದಿರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಕೆಲಸ ಮುಗಿದ ಮೇಲೆ ಇಂಥದ್ದನ್ನು ಇಟ್ಟುಕೊಂಡು ಕೂರಬಾರದು. ರಿಪೇರಿ ಮುಗಿದು ಮೋಟಾರ್ ಹೋದ ಮೇಲೆ ಫೋಟೋ, ವಾಯ್ಸ್ ಎರಡೂ ತಾವಾಗೇ ಅಳಿಸಿಹೋಗುವ ಹಾಗೆ ಮಾಡಿದ್ದೇವೆ. ಅಂಕಿಗಳು ಮಾತ್ರ ಬಿಲ್ಲಿನ ಜೊತೆ ಉಳಿಯುತ್ತವೆ.

ಈಗ ನನ್ನ ಕಡೆಯಿಂದ ದಿನಾ ಮಾಡುವಂಥದ್ದು ಏನೂ ಇಲ್ಲ. ರೇಟ್ ಶೀಟ್ ತುಂಬೋದು ಕೌಂಟರಿನ ಹುಡುಗನ ಕೆಲಸ. ವಾರದಿಂದ ಮುಟ್ಟದ ರೇಟನ್ನು ಬಾಟ್ ಹೇಳೋದೇ ಇಲ್ಲ, "ಅಂಗಡಿಯವರು ಫೋನ್ ಮಾಡ್ತಾರೆ" ಅಂದುಬಿಡುತ್ತೆ. ಆಗ ಫೋನ್ ಮಾಡಬೇಕಾದವನೂ ಅವನೇ. ಹಾಗಾಗಿ ಶೀಟ್ ತುಂಬೋದನ್ನು ಅವನು ಮರೆಯಲ್ಲ.