ಬೈಕಿನಿಂದ ಬಿದ್ದ ಲೆಕ್ಕ

ಕಳೆದ 7 ಮಳೆಗಾಲಗಳಲ್ಲಿ ಕಾಸರಗೋಡಿನ ಪೆರ್ಲ, ಬದಿಯಡ್ಕ ಸುತ್ತಲಿನ ಒಳರಸ್ತೆಗಳಲ್ಲಿ ನಾನು ಬೈಕಿನಿಂದ ಬಿದ್ದಿಲ್ಲ. ಅದಕ್ಕೆ ಹಿಂದಿನ 30 ವರ್ಷಗಳಲ್ಲಿ ಹದಿಮೂರೋ ಹದಿನಾಲ್ಕೋ ಸಲ ಬಿದ್ದಿದ್ದೆ. ಒಮ್ಮೆಯೂ ವೇಗ 30 ಕಿಲೋಮೀಟರ್ ದಾಟಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಆದರೆ ಲಿವರ್, ಇಂಡಿಕೇಟರ್, ಸೊಟ್ಟಗಾದ ಲೆಗ್‌ಗಾರ್ಡ್, ಒಂದು ಹ್ಯಾಂಡಲ್ ಎಂದು ಕಳೆದುಕೊಂಡದ್ದನ್ನು ಕೂಡಿಸಿದರೆ 15 ಸಾವಿರಕ್ಕೆ ಕಡಿಮೆಯಾಗದು. ಅಡಿಕೆ ಮೂಟೆ ಹರಿದು ಚರಂಡಿ ಪಾಲಾದದ್ದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಹೆಚ್ಚಿನವು ತಿರುವಿನಲ್ಲೇ ಆದವು. ಮುರಕಲ್ಲಿನ (ಜಂಬಿಟ್ಟಿಗೆಯ) ಸಣ್ಣ ಹರಳುಗಳು ಡಾಮರಿನ ಅಂಚಿಗೆ ಬಂದು ಬಿದ್ದಿರುತ್ತವೆ. ಹ್ಯಾಂಡಲ್ ತಿರುಗಿಸಿದ ಹೊತ್ತಿಗೇ ಮುಂದಿನ ಬ್ರೇಕ್ ಒತ್ತಿದರೆ ಚಕ್ರವು ಗೋಲಿಗಳ ಮೇಲಿಟ್ಟಂತೆ ಜಾರುತ್ತದೆ. ಇದರಿಂದಲೇ ನಮ್ಮೂರಿನಲ್ಲಿ "ಮಳೆಗಾಲದಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು" ಎಂಬ ಮಾತು ಬೇರೂರಿದೆ. ನಾನೂ 10 ವರ್ಷ ಅದನ್ನೇ ಪಾಲಿಸಿದೆ. ಆಗ ಹಿಂದಿನ ಚಕ್ರ ಜಾರಿ ಬೀಳತೊಡಗಿದೆ ಎಂಬುದಷ್ಟೇ ವ್ಯತ್ಯಾಸ.

ಕೊನೆಗೆ ಒಂದು ಮೇ ತಿಂಗಳಲ್ಲಿ ಹಳೆಯ ಸ್ಪ್ಲೆಂಡರನ್ನು ಮನೆಯ ಮೇಲಿನ ಪದವಿಗೆ, ಅಂದರೆ ಮುರಕಲ್ಲಿನ ಬಯಲಿಗೆ ಒಯ್ದು, ಹರಳಿನ ಮೇಲೆ ಸುಣ್ಣದ ಗೆರೆ ಎಳೆದು, ಸುಮಾರು 20ರ ವೇಗದಲ್ಲಿ ನೇರವಾಗಿ ಬಂದು ಗೆರೆಯಲ್ಲಿ ಬ್ರೇಕ್ ಹಾಕಿ, ನಿಂತ ಜಾಗಕ್ಕೆ ಹೆಜ್ಜೆ ಎಣಿಸಿದೆ. ಹಿಂದಿನ ಬ್ರೇಕೊಂದರಲ್ಲೇ ಎಂಟೊಂಬತ್ತು ಹೆಜ್ಜೆ. ಮುಂದಿನದನ್ನೂ ಎರಡೇ ಬೆರಳಿನಿಂದ, ಹಸುವಿನ ಕೆಚ್ಚಲು ಹಿಂಡುವಷ್ಟು ನಿಧಾನವಾಗಿ ಸೇರಿಸಿದಾಗ ಐದಾರು. ನೋಡಲು ಬಂದಿದ್ದ ಭಾವ "ಇನ್ನೊಂದು ಲಿವರ್ ತರಿಸಿಟ್ಟುಕೊಳ್ಳಿ" ಎಂದು ನಕ್ಕರು. ಮೊದಲ ದಿನ ಎರಡು ಸಲ ಬಿದ್ದೆನಾದ್ದರಿಂದ ಉತ್ತರ ಕೊಡಲಾಗಲಿಲ್ಲ. ಆದರೆ ಆ ಎರಡೂ ಸಲ ಹ್ಯಾಂಡಲ್ ಓರೆಯಾಗಿತ್ತು. ತಿರುವಿಗೆ ಮೊದಲೇ, ಬೈಕ್ ನೆಟ್ಟಗಿರುವಾಗಲೇ ಬ್ರೇಕಿನ ಕೆಲಸ ಮುಗಿಸಿ, ತಿರುವಿನೊಳಗೆ ಬೆರಳು ತೆಗೆಯುವುದನ್ನು ಅಂದಿನಿಂದ ರೂಢಿಸಿಕೊಂಡೆ. ಈಗಲೂ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅರ್ಧ ದಿನ ಪದವಿನಲ್ಲಿ ಕಳೆಯುತ್ತೇನೆ. ಭಾವನೂ ಈಗ ಬರುತ್ತಾರೆ, ನೋಡಲು ಎನ್ನುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಿಡಿತ ಹೆಚ್ಚೀತೆಂದು ಟಯರಿನ ಗಾಳಿಯನ್ನು ಬಹಳ ಇಳಿಸಿದಾಗ ಬೈಕ್ ತೂಗಾಡಿತು, ಟ್ಯೂಬಿನ ವಾಲ್ವ್ ಕಿತ್ತು 300 ರೂಪಾಯಿ ಹೋಯಿತು. ಲಿವರನ್ನು ಹ್ಯಾಂಡಲಿಗೆ ಹಿಡಿದಿಡುವ ಕ್ಲಾಂಪನ್ನು ಬಿದ್ದಾಗ ತಿರುಗುವಷ್ಟು ಮಾತ್ರ ಬಿಗಿದದ್ದು ಫಲಿಸಿತು. ಆ ಬಳಿಕ ಲಿವರ್ ಮುರಿದಿಲ್ಲ. ಕ್ಲಾಂಪಿನೊಳಗೆ ಏನು ಸುತ್ತಿದ್ದೇನೆ ಎಂಬುದನ್ನು ಮನೆಗೆ ಬಂದವರಿಗಷ್ಟೇ ತೋರಿಸುವುದು. ಮನೆಯ ಕಾಂಕ್ರೀಟ್ ಏರಿಗೆ ಪಾಚಿ ಕಟ್ಟಿ ಮೂರು ಸಲ ಬಿದ್ದದ್ದಿದೆ. ಕೊಳೆರೋಗಕ್ಕೆ ಅಡಿಕೆಗೆ ಸಿಂಪಡಿಸಿ ಉಳಿದ ಮೈಲುತುತ್ತು–ಸುಣ್ಣದ ದ್ರಾವಣವನ್ನು ಅಲ್ಲಿಗೆ ಸುರಿದು, ಒಣಗಿದ ಮೇಲೆ ಕಬ್ಬಿಣದ ಬ್ರಶ್ಶಿನಲ್ಲಿ ಉಜ್ಜಿದರೆ ಒಂದೂವರೆ ತಿಂಗಳು ನೆಮ್ಮದಿ.

ಅಂಗಳದಲ್ಲಿ ಬಿದ್ದದ್ದನ್ನು ನಾನು ಎಣಿಸುವುದಿಲ್ಲ, ಮನೆಯವಳು ಎಣಿಸುತ್ತಾಳೆ. ಹೋದ ಆಷಾಢದಲ್ಲಿ ಸೈಡ್ ಸ್ಟ್ಯಾಂಡ್ ಹಸಿ ಮಣ್ಣಿನಲ್ಲಿ ಹೂತು, ಹಿಂಡಿಯ ಚೀಲ ಬಿಚ್ಚುತ್ತಿದ್ದ ನನ್ನನ್ನೂ ಸೇರಿಸಿಕೊಂಡು ಬೈಕ್ ಮಗುಚಿತು. ಮರುದಿನವೇ ಸ್ಟ್ಯಾಂಡಿನ ತುದಿಗೆ ಅಂಗೈಯಗಲದ ತಗಡನ್ನು ವೆಲ್ಡ್ ಮಾಡಿಸಿದೆ; ಕೂಲಿ 60 ರೂಪಾಯಿ.