ಬಿರುಬೇಸಿಗೆಯಲ್ಲೂ ಬಾಡದ ಮೆಣಸಿನ ಬಳ್ಳಿ: ನನ್ನ ಅನುಭವ

ಬೇಸಿಗೆಯಲ್ಲಿ ಮೆಣಸಿನ ಬಳ್ಳಿಗೆ ದಿನವೂ ನೀರು ಕೊಟ್ಟರೆ ಬುಡ ಕೊಳೆಯುತ್ತದೆ, ಎಲೆಗೆ ಸುಣ್ಣ ಹೊಡೆದರೆ ಸುಟ್ಟೇ ಹೋಗುತ್ತದೆ ಅಂತ ನಮ್ಮ ಸಾಗರದ ಕಡೆ ಹೇಳದವರಿಲ್ಲ. ಎರಡನ್ನೂ ಮಾಡುತ್ತಿದ್ದೇನೆ. ಮೊದಲು ಎಳೆ ಬಳ್ಳಿಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಮೇ ತಿಂಗಳೊಳಗೆ ಒಣಗುತ್ತಿತ್ತು. ಈಗ ನೂರಕ್ಕೆ ನಾಲ್ಕೈದು ಹೋದರೆ ಹೆಚ್ಚು. ಬೇಡ ಅಂದವರೇ ಈಗ ಬಂದು ಬಗ್ಗಿ ನೋಡಿ ಹೋಗುತ್ತಾರೆ.

ಬಾಡಿದ್ದೆಲ್ಲ ಬಾಯಾರಿಕೆಯಲ್ಲ. ಮಧ್ಯಾಹ್ನ ಮೂರಕ್ಕೆ ಜೋತುಬಿದ್ದ ಎಲೆ ಬೆಳಗ್ಗೆ ಆರೂವರೆಗೆ ಎದ್ದು ನಿಂತಿದ್ದರೆ ಅದು ಬಿಸಿಲಿನ ಕೆಲಸ, ನೀರು ಹೆಚ್ಚಿಸಿ ಪ್ರಯೋಜನವಿಲ್ಲ, ನೆರಳು ಕೊಡಬೇಕು. ಬೆಳಗ್ಗೆಯೂ ಏಳದಿದ್ದರೆ ಬುಡದಿಂದ ಒಂದಡಿ ಆಚೆ, ಅರ್ಧ ಅಡಿ ಕೆದಕಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ. ಉದುರಿದರೆ ನೀರು ಬೇಕು. ಉಂಡೆ ಕಟ್ಟುತ್ತದೆ, ಆದರೂ ಎಲೆ ಹಳದಿ ಅಂದರೆ ಬೇರು ನೋಡಿ: ತುದಿ ಬೆಳ್ಳಗಿರದೆ ಕಂದಾಗಿದ್ದರೆ, ಸಣ್ಣ ಗಂಟುಗಳಿದ್ದರೆ ಅದು ನಿಧಾನ ಸೊರಗು ರೋಗ. ಅಂಥ ಬಳ್ಳಿಗೆ ಕೊಡಪಾನಗಟ್ಟಲೆ ಸುರಿದಷ್ಟೂ ಬೇಗ ಸಾಯುತ್ತದೆ.

ನೆರಳಿಗೆ ಹಸಿರು ನೆಟ್ ಕಟ್ಟುವುದು ದುಡ್ಡು ದಂಡ. ಗಾಳಿಗೆ ಹರಿಯುತ್ತದೆ, ಹರಿದ ತುಂಡು ಬಡಿದು ಕುಡಿ ಮುರಿಯುತ್ತದೆ. ಬಿದ್ದ ಅಡಿಕೆ ಸೋಗೆಯೇ ಸಾಕು. ಫೆಬ್ರವರಿಯಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕಿರುತ್ತಾನೆ, ನಮ್ಮ ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ. ಹಾಗಾಗಿ ಹೊಡೆತ ಬೀಳುವುದು ನೈಋತ್ಯದ ಮಗ್ಗುಲಿಗೆ. ಆ ಕಡೆಗೆ ಎರಡು ಸೋಗೆ, ದಪ್ಪ ತುದಿ ಕೆಳಗೆ, ಬಳ್ಳಿಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ ಬಾಳೆಪಟ್ಟೆಯಲ್ಲಿ ಎರಡು ಕಡೆ, ಬಳ್ಳಿ ಹಬ್ಬಿದ ಮರಕ್ಕೆ ಕಟ್ಟಬೇಕು. ತಾಗಿಸಿ ಕಟ್ಟಿದರೆ ಒಳಗೆ ಬಿಸಿಗಾಳಿ ನಿಂತು ಎಳೆ ಎಲೆ ಬೇಯುತ್ತದೆ. ಒಬ್ಬ ಆಳು ದಿನಕ್ಕೆ ನೂರು ನೂರಿಪ್ಪತ್ತು ಮರ ಮುಗಿಸುತ್ತಾನೆ, ಖರ್ಚು ಅವನ ಕೂಲಿಯಷ್ಟೇ. ಹೊಸದಾಗಿ ನೆಡುವವರು ಬಳ್ಳಿಯನ್ನು ಮರದ ಈಶಾನ್ಯಕ್ಕೆ ಕೂರಿಸಿದರೆ ಈ ಕೆಲಸವೂ ಅರ್ಧ ಉಳಿಯುತ್ತದೆ. ಕರಿಮುಂಡ ತಳಿಗೆ ಈ ನೆರಳು ಕಡ್ಡಾಯ. ಪಣಿಯೂರು-1 ತಳಿ ಸ್ವಲ್ಪ ಬಿಸಿಲು ತಡೆಯುತ್ತದೆ, ದಟ್ಟ ನೆರಳೇ ಅದಕ್ಕೆ ಆಗಿಬರುವುದಿಲ್ಲ.

ಮುಚ್ಚಿಗೆಯನ್ನು ಎಲ್ಲರೂ ಮಾಡುತ್ತಾರೆ, ಆದರೆ ಮಾರ್ಚಿನಲ್ಲಿ. ಅಷ್ಟೊತ್ತಿಗೆ ಒಣಗಿದ ಮಣ್ಣನ್ನೇ ಮುಚ್ಚಿದಂತಾಗುತ್ತದೆ. ಡಿಸೆಂಬರ್ ಮುಗಿಯುವುದರೊಳಗೆ, ತೇವವಿರುವಾಗಲೇ ದರಗು, ಅಂದರೆ ಒಣ ಎಲೆ, ಐದಾರು ಇಂಚು ಹರಡಿ. ಬಳ್ಳಿಯ ಕಾಂಡದ ಸುತ್ತ ಒಂದು ಗೇಣು ಖಾಲಿ ಇರಲಿ. ತೆಂಗಿನ ನಾರಿನ ಪುಡಿಯನ್ನು ಬುಡಕ್ಕೇ ಒತ್ತಿದಲ್ಲಿ ಕಾಂಡ ಮೆತ್ತಗಾಯಿತು. ಗೋಣಿಚೀಲ ಸುತ್ತಿದ್ದಕ್ಕೆ ಗೆದ್ದಲು ಹತ್ತಿತು. ನೆಲ ಮುಚ್ಚಲು ಬೆಳೆಸುವ ಪಿಂಟೊ ಕಡಲೆ ಗಿಡ ಹಬ್ಬಿಸಿದ ಸಾಲು ನೋಡಲು ಚೆಂದ, ಆದರೆ ಏಪ್ರಿಲ್‌ನಲ್ಲಿ ಬಳ್ಳಿಯ ಜೊತೆಗೇ ನೀರಿಗೆ ಪೈಪೋಟಿ. ಬೋರ್‌ವೆಲ್ ಬತ್ತದವರಿಗೆ ಮಾತ್ರ ಅದು.

ಇನ್ನು ನೀರು. ವಾರಕ್ಕೊಮ್ಮೆ ಪಾತಿ ತುಂಬಿಸಿದರೆ ಮೇಲ್ಬೇರು ಎರಡು ದಿನ ಉಸಿರುಕಟ್ಟಿ, ಐದು ದಿನ ಒಣಗುತ್ತದೆ. ಬುಡ ಕೊಳೆಯುವುದೂ ಈ ಪಾತಿ ನೀರಿಗೇ, ದಿನದ ಹನಿಗಲ್ಲ. ಗಂಟೆಗೆ ನಾಲ್ಕು ಲೀಟರಿನ ಎರಡು ಡ್ರಿಪ್ಪರ್, ಬುಡದಿಂದ ಒಂದಡಿ ದೂರ, ಎದುರುಬದುರು. ಸಂಜೆ ಒಂದು ತಾಸು ಬಿಟ್ಟರೆ ಎಂಟು ಲೀಟರ್, ದೊಡ್ಡ ಬಳ್ಳಿಗೆ ಧಾರಾಳ. ಎಳೆಯದಕ್ಕೆ ಒಂದೇ ಡ್ರಿಪ್ಪರ್, ಮುಕ್ಕಾಲು ತಾಸು. ಫಲಕ್ಕೆ ಬಂದ ಬಳ್ಳಿಗೆ ಏಪ್ರಿಲ್‌ನಲ್ಲಿ ಅರ್ಧಕ್ಕಿಳಿಸುತ್ತೇನೆ: ಸ್ವಲ್ಪ ಬಾಯಾರಿದ ಬಳ್ಳಿಯಲ್ಲೇ ಮಳೆ ಬಿದ್ದಾಗ ಗೆರೆ (ಹೂವಿನ ತೆನೆ) ಒಟ್ಟಿಗೆ ಹೊರಡುವುದು. ಬೆಳಗ್ಗೆಯೂ ಎಲೆ ಜೋತಿದ್ದರೆ ಮಾತ್ರ ಮತ್ತೆ ಏರಿಸಬೇಕು.

ಬಿಸಿಲು ತಡೆಯಲು ಎಲೆಗೆ ಹೊಡೆಯುವ ಸುಣ್ಣದ ವಿಷಯ. ಇನ್ನೂರು ಲೀಟರ್ ಡ್ರಮ್ಮಿಗೆ ಮೂರು ಕೆಜಿ ಅರಳಿದ ಸುಣ್ಣ. ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಹಳೇ ಪಂಚೆಯಲ್ಲಿ ಎರಡು ಸಲ ಸೋಸಬೇಕು, ಇಲ್ಲದಿದ್ದರೆ ನಾಜಲ್ ಕಟ್ಟಿ ಅರ್ಧ ದಿನ ಅದನ್ನೇ ಬಿಚ್ಚುತ್ತ ಕೂರಬೇಕಾಗುತ್ತದೆ. ಎಲೆ ಸುಟ್ಟಿತು ಎನ್ನುವವರು ಬಿಸಿ ಆರದ ಸುಣ್ಣ ಹೊಡೆದಿರುತ್ತಾರೆ, ಇಲ್ಲವೇ ಹನ್ನೊಂದು ಗಂಟೆಯ ಬಿಸಿಲಲ್ಲಿ ಹೊಡೆದಿರುತ್ತಾರೆ. ಒಂಬತ್ತರೊಳಗೆ ಮುಗಿಸಿ, ಎಲೆಯ ಮೇಲೆ ತೆಳು ಬಿಳುಪು ಕಂಡರೆ ಸಾಕು. ಬೇರೆ ಯಾವ ಔಷಧಿಯನ್ನೂ ಬೆರೆಸಬೇಡಿ. ಕೆಯೊಲಿನ್ (ಬಿಳಿ ಜೇಡಿಮಣ್ಣು) ಪುಡಿಯಾದರೆ ಅದೇ ಡ್ರಮ್ಮಿಗೆ ನಾಲ್ಕು ಕೆಜಿ. ಸುಣ್ಣಕ್ಕಿಂತ ಚೆನ್ನಾಗಿ ಕೂರುತ್ತದೆ, ಬೆಲೆಯೂ ಹೆಚ್ಚು. ಸುಣ್ಣ ಅಂಟಲು ನಾನು ಹಾಕುವುದು ಅಂಗಡಿಯ ಸ್ಟಿಕ್ಕರ್ ಅಲ್ಲ, ಅಡುಗೆಮನೆಯದೇ ಒಂದು ವಸ್ತು. ಅದನ್ನು ಇನ್ನೊಂದು ಬೇಸಿಗೆ ನೋಡಿ ಹೇಳುತ್ತೇನೆ.

ಜೂನ್‌ನ ಮೊದಲ ಎರಡು ದೊಡ್ಡ ಮಳೆಯಾದ ಕೂಡಲೇ ಸೋಗೆ ಬಿಚ್ಚಿ ಹಾಕಿ. ಮರೆತ ಮರಗಳಲ್ಲೇ ಶೀಘ್ರ ಸೊರಗು (ಬಳ್ಳಿ ಬೇಗನೆ ಕೊಳೆತು ಸಾಯುವ ರೋಗ) ಮೊದಲು ಕಾಣಿಸುತ್ತದೆ, ಒಳಗಿನ ತೇವ ಆರುವುದೇ ಇಲ್ಲ. ಬಿಚ್ಚಿದ ದಿನವೇ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದರೆ ಆ ಕೂಲಿಯಲ್ಲೇ ಎರಡೂ ಕೆಲಸ.