ಪರೀಕ್ಷೆ ಭಯದ ಮೇಲೆ ನನ್ನ ಪಿಎಚ್‌ಡಿ

ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಮೈಸೂರಲ್ಲಿ ಪಿಎಚ್‌ಡಿಗೆ ಸೇರಿದಾಗ ನಮ್ಮೂರಲ್ಲಿ ಸುದ್ದಿ, "ಇವಳು ಹುಚ್ಚಿನ ಡಾಕ್ಟರ್ ಆಗ್ತಾಳಂತೆ." ನನ್ನ ತಲೆಯಲ್ಲೂ ಕ್ಲಿನಿಕಲ್ಲೇ, ಅಂದರೆ ರೋಗಿಗಳನ್ನು ನೋಡೋ ಸೈಕಾಲಜಿಯೇ ಇತ್ತು. ಗೈಡ್ ಮೊದಲ ವಾರವೇ ಆ ಆಸೆಗೆ ನೀರೆರಚಿದರು. "ನೋಡಮ್ಮಾ, ಬರೀ ಪಿಎಚ್‌ಡಿ ಇಟ್ಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕಾಗಲ್ಲ." ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು, ನೋಂದಣಿಗೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕಲಿಯುವ ಕೋರ್ಸ್ ಬೇಕು, ನಿಮ್ಹಾನ್ಸ್‌ನಲ್ಲಿ ಆಗ ಇದ್ದ ಎರಡು ವರ್ಷದ ಎಂ.ಫಿಲ್ ಥರದ್ದು. ಸೇರೋ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸೋಶಿಯಲ್, ಇಂಡಸ್ಟ್ರಿಯಲ್, ನ್ಯೂರೋ ಅಂತ ದಾರಿಗಳು ಬೇಕಾದಷ್ಟಿವೆ. ನಾನು ಎಜುಕೇಶನಲ್ ಹಿಡಿದೆ. ವಿಷಯ, ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ಭಯ. (ಸೈಕಾಲಜಿ ಓದಿ ಏನ್ಮಾಡ್ತೀಯಾ ಅಂದವರಿಗೆ ನಾನು ಹೇಳೋದು ಒಂದೇ: ಮೈಸೂರಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, ಹೆಸರು ಆಕಾಶವಾಣಿ.)

ಕೋರ್ಸ್ ವರ್ಕು, ಸಿನಾಪ್ಸಿಸ್ಸು ಹೇಗೋ ಮುಗಿದವು. ಜೀವ ತಿಂದದ್ದು ಮಕ್ಕಳ ಭಯ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯ ಅನುವಾದ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು, ಮೂಲ ನೋಡಿರದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ಒಯ್ಯಬೇಕು, ಆಮೇಲೆ ಎರಡನ್ನೂ ತಾಳೆ ನೋಡಬೇಕು. ಹೊಟ್ಟೆಯಲ್ಲಿ ಚಿಟ್ಟೆ ಹಾರಾಡುತ್ತದೆ ಅನ್ನೋ ಇಂಗ್ಲಿಷ್ ಮಾತೊಂದಿತ್ತು. ನಮ್ಮ ಮಕ್ಕಳ ಹೊಟ್ಟೆಯಲ್ಲಿ ಚಿಟ್ಟೆ ಎಲ್ಲಿಂದ ಬರಬೇಕು? "ಹೊಟ್ಟೆ ತೊಳಸುತ್ತೆ" ಅಂತ ಹಾಕಿದೆ, ವಾಪಸ್ ಬಂದಾಗ ಅದು ವಾಂತಿ ಆಗಿತ್ತು. ಕೊನೆಗೆ "ಎದೆ ಡವಡವ ಅನ್ನುತ್ತೆ" ಉಳಿಯಿತು. ಈ ಒಂದು ಸಾಲಿಗೆ ಹದಿನೈದು ದಿನ!

ಶಾಲೆಗೆ ಹೋದರೆ ಇನ್ನೊಂದು ಕಥೆ. ಹೆಡ್ ಮಾಸ್ಟರ ಅನುಮತಿ, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎಲ್ಲ ಆಗಿ ಹಾಳೆ ಹಂಚಿದೆ. ಮಕ್ಕಳು ಪಕ್ಕದವರಿಗೆ ಕಾಣದ ಹಾಗೆ ಎಡಗೈ ಅಡ್ಡ ಇಟ್ಟು ಬರೆಯತೊಡಗಿದರು. ಮೇಷ್ಟ್ರು ಬೇರೆ ಬೆತ್ತ ಹಿಡಿದು ಸಾಲುಗಳ ಮಧ್ಯೆ ಓಡಾಡುತ್ತಿದ್ದರು. ಪರೀಕ್ಷೆ ಭಯ ಅಳೆಯೋಕೆ ಹೋಗಿ ನಾನೇ ಇನ್ನೊಂದು ಪರೀಕ್ಷೆ ಇಟ್ಟಿದ್ದೆ, ಅಲ್ವಾ? ಆ ದಿನದ ಹಾಳೆಗಳನ್ನೆಲ್ಲ ಕೈಬಿಟ್ಟೆ. ಹೆಸರು ಬರೆಯುವ ಜಾಗ ತೆಗೆದೆ, ಮೇಷ್ಟ್ರಿಗೆ ಸ್ಟಾಫ್ ರೂಮಲ್ಲಿ ಕೂರಿ ಅಂತ ಕೈಮುಗಿದೆ, "ಇದಕ್ಕೆ ಮಾರ್ಕ್ಸ್ ಇಲ್ಲ" ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದೆ. ಹಾಗೆ ಹೀಗೆ ಅಂತ ಐದು ವರ್ಷ ಹಿಡಿಯಿತು. ಯುಜಿಸಿ ಲೆಕ್ಕದಲ್ಲಿ ಕನಿಷ್ಠ 3, ಗರಿಷ್ಠ 6.

ಹೊಸ ಹಾಳೆ ಕೊಟ್ಟ ದಿನವೂ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೊರಗೆ ಓಡಿಬಂದು ಕೇಳಿದಳು, "ಮಿಸ್, ನಂಗೆಷ್ಟು ಬಂತು?"